ಅರ್ಧಕ್ಕೆ ನಿಂತ ಬಾವುಟ

ಅಕ್ಟೋಬರ್ 3, ಶುಕ್ರವಾರ

ಪಕ್ಕದ ಮನೆಯ ಬೋದಿಲ್ ಕೊನೆಗೂ ನನ್ನನ್ನು ಒಪ್ಪಿಸಿಬಿಟ್ಟಳು. ಅಲ್ಲ, ಹಾಗೆ ಬರೆದರೆ ಅವಳು ಗೆದ್ದ ಹಾಗಾಯಿತು. ಒಪ್ಪಿದ್ದು ನಾನೇ, ನನ್ನದೇ ಲೆಕ್ಕಾಚಾರದ ಮೇಲೆ.

ಸೋಮವಾರದಿಂದ ನಮ್ಮೂರಿನ ಮುಚ್ಚಿಹೋದ ಶಾಲೆಯಲ್ಲಿ ಅಂತರರಾಷ್ಟ್ರೀಯ ಯುವ ಸಂವಾದವಂತೆ. ಸಮುದ್ರವೋ ನದಿಯೋ ದಡ ತಿನ್ನುತ್ತಿರುವ ದೇಶಗಳಿಂದ ಹುಡುಗ ಹುಡುಗಿಯರು ಬಂದು, ಎಲ್ಲ ಸರಕಾರಗಳೂ ತಲೆ ಕೆರೆದುಕೊಳ್ಳುತ್ತಿರುವ ಒಂದು ಪ್ರಶ್ನೆಯನ್ನು ಚರ್ಚಿಸುತ್ತಾರಂತೆ. ಎಲ್ಲ ದಡಗಳನ್ನೂ ಉಳಿಸಲಾಗದಿದ್ದರೆ ಯಾವುದನ್ನು ಬಿಡುವುದು? ಬಿಡುತ್ತೇವೆಂದು ಜನರಿಗೆ ಯಾರು ಹೇಳುವುದು, ಹೇಗೆ ಹೇಳುವುದು? ಕೊನೆಯ ದಿನ ಒಂದು ಶಿಫಾರಸು ಬರೆದು ಪುರಸಭೆಗೆ ಕೊಡುತ್ತಾರೆ. ಅದನ್ನು ನೋಡಿಕೊಂಡು ಪುರಸಭೆ, ನಮ್ಮ ಊರಿನ ದಡಕ್ಕೆ ವರ್ಷವರ್ಷವೂ ಮರಳು ಸುರಿಯುವುದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸುತ್ತದೆ. ಬೋದಿಲ್ ಹೇಳಿದ್ದು ಹೀಗೆ. ಅವಳು ಚರ್ಚ್ ಸಮಿತಿಯಲ್ಲಿದ್ದಾಳೆ, ಇಂಥವೆಲ್ಲ ಅವಳಿಗೆ ಗೊತ್ತಿರುತ್ತದೆ.

ಮರಳು ನಿಂತರೆ ಮೊದಲು ಹೋಗುವುದು ಚರ್ಚಿನ ಸ್ಮಶಾನ. ಅದರಲ್ಲಿ ಮೊದಲು ಹೋಗುವುದು ಸಮುದ್ರದ ಕಡೆಯ ಸಾಲು. ಆ ಸಾಲಿನಲ್ಲಿ ನನ್ನ ಎಲ್ನಾ ಇದ್ದಾಳೆ. ಅವಳ ಪಕ್ಕದಲ್ಲಿ ನನ್ನ ಜಾಗ. ಕಲ್ಲಿನ ಮೇಲೆ ಅವಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿದ್ದೇನೆ. ಇನ್ನೊಂದು ವರ್ಷ ಕೆತ್ತಿದರೆ ಮುಗಿಯಿತು. ನನಗಿರುವ ಆಸೆ ಅದೊಂದೇ, ಅದೇನು ದೊಡ್ಡ ಆಸೆಯಲ್ಲ.

ಬಂದ ಮಕ್ಕಳನ್ನು ಊರಿನ ಮನೆಮನೆಗೆ ಹಂಚುತ್ತಿದ್ದಾರೆ. ಬೋದಿಲ್ ನನ್ನನ್ನು ಛೇಡಿಸಿದಳು: "ಕಾಲೇಜಲ್ಲಿ ಇಂಗ್ಲಿಷ್ ಕಲ್ತಿದೀನಿ ಅಂತ ಜೀವನಪೂರ್ತಿ ಕೊಚ್ಚಿಕೊಂಡೆಯಲ್ಲ ವೆರ್ನರ್, ಈಗ ತೋರಿಸು ನೋಡೋಣ."

ಯೋಚಿಸಿದೆ. ತೀರ್ಪು ಬರೆಯುವವರಲ್ಲಿ ಒಬ್ಬರು ನನ್ನ ಮನೆಯ ಊಟ ಉಣ್ಣುವುದಾದರೆ ಒಳ್ಳೆಯದೇ. ಉಪ್ಪು ತಿಂದ ಮನೆಗೆ ಯಾರೂ ಎರಡು ಬಗೆಯುವುದಿಲ್ಲ. ಮೇಲಿನ ಕೋಣೆ ಗುಡಿಸಿದೆ.

ಅಕ್ಟೋಬರ್ 6, ಸೋಮವಾರ

ಹುಡುಗಿ ಬಂದಳು. ಬಾಂಗ್ಲಾದೇಶದವಳು, ನಾಜ್ಮುನ್ ಅಂತ ಹೆಸರು. ನದಿ ಸಮುದ್ರ ಸೇರುವಲ್ಲಿನ ಒಂದು ದ್ವೀಪ ಅವಳ ಊರು. ತೆಳ್ಳಗಿದ್ದಾಳೆ, ಮೈಮೇಲೆ ಎರಡು ಸ್ವೆಟರು, ಎರಡೂ ಬೇರೆ ಯಾರದ್ದೋ.

ಬಾಗಿಲಲ್ಲೇ ನನ್ನ ಇಂಗ್ಲಿಷ್ ಹೊರತೆಗೆದೆ. ವಾಣಿಜ್ಯ ಕಾಲೇಜಿನಲ್ಲಿ ಎರಡು ಚಳಿಗಾಲ ಕಲಿತದ್ದು, ಆಮೇಲೆ ಮೀನು ಹರಾಜು ಕಟ್ಟೆಯ ಆಫೀಸಿನಲ್ಲಿ ಕೂತು ತುಕ್ಕು ಹಿಡಿದದ್ದು. ನಮಗೆ ಕಲಿಸಿದ್ದು ಪತ್ರ ಬರೆಯುವ ಇಂಗ್ಲಿಷ್ ಮಾತ್ರ. ಅದು ಬಾಯಿಗೆ ಬಂದದ್ದು ಹೀಗೆ: "ತಮ್ಮ ಆದರಣೀಯ ಆಗಮನದ ಸ್ವೀಕೃತಿಯನ್ನು ಈ ಮೂಲಕ ತಿಳಿಸಲು ಸಂತೋಷಿಸುತ್ತೇವೆ." ಹುಡುಗಿ ಕ್ಷಣ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಅಷ್ಟೇ ಗಂಭೀರವಾಗಿ, ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂದಳು. ಚುರುಕು ಹುಡುಗಿ. ಹುಷಾರಾಗಿರಬೇಕು.

ಹಂದಿ ಮಾಂಸದ ಉಂಡೆ ಹುರಿದಿಟ್ಟಿದ್ದೆ. ಅವಳು ತಿನ್ನುವುದಿಲ್ಲ. ಬೋದಿಲ್ ಇದನ್ನು ಮೊದಲೇ ಹೇಳಬಾರದಿತ್ತೇ? ಫ್ರೀಜರಿನಿಂದ ಚಪ್ಪಟೆ ಮೀನು ತೆಗೆದೆ. ಹುಡುಗಿ ತನ್ನ ಚೀಲದಿಂದ ಮೆಣಸಿನ ಪುಡಿಯ ಪೊಟ್ಟಣ ತೆಗೆದು ಎದುರಿಗಿಟ್ಟುಕೊಂಡಳು. ಮೂರು ದಿನದ ಉಂಡೆ ನನಗೊಬ್ಬನಿಗೇ ಉಳಿಯಿತು.

ಕಿಟಕಿ ಪಕ್ಕದಲ್ಲಿರುವ ಎಲ್ನಾಳ ಕುರ್ಚಿಯ ಮೇಲೆ ಅವಳು ಚೀಲ ಇಟ್ಟಳು. ನಾನು ಅದನ್ನು ತೆಗೆದು ನೆಲಕ್ಕಿಟ್ಟೆ.

ನನ್ನನ್ನು ದಾದು ಎಂದು ಕರೆಯುತ್ತಾಳೆ. ಅಜ್ಜ ಅಂತ ಅರ್ಥವಂತೆ. ಅವರಲ್ಲಿ ಮುದುಕರನ್ನು ಹೆಸರು ಹಿಡಿದು ಕರೆದರೆ ಮರ್ಯಾದೆ ಅಲ್ಲವಂತೆ. ನಮಗೆ ಮಕ್ಕಳೇ ಇರಲಿಲ್ಲ, ಮೊಮ್ಮಕ್ಕಳ ಮಾತೆಲ್ಲಿ. ಕರೆಯಲಿ ಬಿಡು.

ಅಕ್ಟೋಬರ್ 8, ಬುಧವಾರ

ಇವತ್ತು ನನ್ನ ಕೆಲಸ ಶುರು ಮಾಡಿದೆ. ಸಂಜೆ ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದೆ.

ಪಶ್ಚಿಮದ ಗಾಳಿ ಜೋರಾಗಿತ್ತು. ಬೇಲಿಯಾಚೆ ದಿಬ್ಬದ ಅಂಚು ಮೊನ್ನೆ ನೋಡಿದ್ದಕ್ಕಿಂತ ಹತ್ತಿರ ಬಂದ ಹಾಗಿತ್ತು. ಈ ಸಲದ ಮರಳಿನ ಹಡಗು ಇನ್ನೂ ಬಂದಿಲ್ಲ, ತಡವಾಗಿದೆ ಅಷ್ಟೆ. ಕಲ್ಲಿನ ಮೇಲೆ ನನ್ನ ಹೆಸರು ಕಂಡು ಹುಡುಗಿ ಬೆಚ್ಚಿದಳು. ಬದುಕಿರುವವನ ಹೆಸರೂ ಹಾಕ್ತೀರಾ ಎಂದು ಕೇಳಿದಳು. ಜಾಗ ಕಾದಿರಿಸಿದ್ದೇನೆ ಅಂದೆ, ರೈಲಿನಲ್ಲಿ ಕಾದಿರಿಸುವ ಹಾಗೆ.

ಆಮೇಲೆ ನನ್ನ ವಾದ ಮಂಡಿಸಿದೆ. ಇಲ್ಲಿ ಹೂತಿರುವುದು ಸುಟ್ಟ ಬೂದಿಯ ಮಡಿಕೆ, ಅದನ್ನು ತೆಗೆದು ಒಳನಾಡಿನ ಟೋರ್ಸ್‌ಕೋವ್‌ನಲ್ಲಿ ಹೂಳಬಹುದು ಅಂತ ಅಧಿಕಾರಿಗಳು ಹೇಳುತ್ತಾರೆ. ಅದು ಹಂದಿ ಸಾಕುವವರ ಊರು. ಬಟ್ಟೆ ಒಣಹಾಕಿದರೆ ಬಟ್ಟೆಗೂ ಅದೇ ವಾಸನೆ. ಎಲ್ನಾ ಮೀನುಗಾರರ ಮಗಳು. ಕಡೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೂ ಕೈ ಹಿಡಿದುಕೊಂಡು, "ಏನೇ ಆಗ್ಲಿ, ನನ್ನನ್ನ ಹಂದಿಗಳ ಮಧ್ಯೆ ಮಲಗಿಸಬೇಡ" ಅಂದಿದ್ದಳು. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಆ ಚಳಿಯಲ್ಲೂ ಬೆವರಿದೆ.

ಹುಡುಗಿ ಎಲ್ಲ ಕೇಳಿಸಿಕೊಂಡಳು. ನಂತರ ತನ್ನ ಊರಿನದು ಹೇಳಿದಳು, ಬಸ್ಸು ತಪ್ಪಿಹೋದದ್ದನ್ನು ಹೇಳುವಷ್ಟು ಸಲೀಸಾಗಿ. ನದಿ ಹತ್ತಿರ ಬಂದಾಗಲೆಲ್ಲ ಇವರು ಮನೆಯ ತಗಡು ಬಿಚ್ಚಿ ಹಿಂದಕ್ಕೆ ಹೋಗಿ ಮತ್ತೆ ಕಟ್ಟುತ್ತಾರಂತೆ. ಒಂದು ಮಳೆಗಾಲದಲ್ಲಿ ಗೋರಿಗಳ ಜಾಗವೇ ಹೋಯಿತು. ಅವಳ ಅಜ್ಜನೂ ಅದರಲ್ಲಿ ಹೋದ. ಅಂದಿನಿಂದ ನದಿ ಏರಿದಾಗೆಲ್ಲ ಅಜ್ಜಿ ದಡದಲ್ಲಿ ನಿಂತು ಅದನ್ನು ಗಂಡನ ಹೆಸರು ಹಿಡಿದು ಬೈಯುತ್ತಾಳಂತೆ. ಬದುಕಿದ್ದಾಗ ಒಂದು ದಿನವೂ ಬಾಯಿಗೆ ತರದ ಹೆಸರು ಅದು.

ನಾನು ತಲೆಯಾಡಿಸಿದೆ. ಅದು ಬೇರೆ, ಇದು ಬೇರೆ. ನಮ್ಮಲ್ಲಿ ಪುರಸಭೆ ಇದೆ.

ಮನೆಗೆ ಬಂದಾಗ ತೋಟದ ಧ್ವಜಸ್ತಂಭ ಯಾಕೆಂದು ಕೇಳಿದಳು. ಹುಟ್ಟುಹಬ್ಬಕ್ಕೆ ಬಾವುಟ ಏರಿಸುತ್ತೇವೆ, ಸೂರ್ಯ ಮುಳುಗುವ ಮುಂಚೆ ಇಳಿಸುತ್ತೇವೆ ಅಂದೆ. ಶನಿವಾರ ಎಲ್ನಾಳ ಹುಟ್ಟುಹಬ್ಬ ಎಂದೂ ಬಾಯಿಬಿಟ್ಟೆ. ಸಾವಾದರೆ ಅರ್ಧಕ್ಕೆ ನಿಲ್ಲಿಸುತ್ತೇವೆ, ಮಣ್ಣು ಮಾಡಿ ಬಂದಮೇಲೆ ತುದಿಗೆ ಏರಿಸುತ್ತೇವೆ ಎಂಬುದನ್ನು ಹೇಳಲಿಲ್ಲ. ಸ್ಮಶಾನದಿಂದ ಆಗ ತಾನೇ ಬಂದಿದ್ದೆವು, ಅಷ್ಟೇ ಸಾಕು ಅನ್ನಿಸಿತು.

ಅಕ್ಟೋಬರ್ 9, ಗುರುವಾರ

ಊರವರಿಗೂ ಇವತ್ತು ಸಂವಾದಕ್ಕೆ ಕರೆ ಇತ್ತು. ಎಲ್ಲರೂ ಹೋದೆವು. ಕಾಫಿ ನೀರಿನಂತಿತ್ತು.

ನೆದರ್‌ಲೆಂಡ್ಸ್‌ನ ಯೊರಿಟ್ ಅನ್ನುವ ಉದ್ದನೆಯ ಹುಡುಗ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ, ಒಂದು ಮನೆ ಉಳಿಸುವ ಹಣದಲ್ಲಿ ಒಳನಾಡಿನಲ್ಲಿ ನಾಲ್ಕು ಕಟ್ಟಬಹುದು ಎಂದ. ಮೀನುಗಾರ ಪೋವ್ಲ್, ಆ ನಾಲ್ಕೂ ಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದ. ಎಲ್ಲರೂ ನಕ್ಕರು. ಹುಡುಗ ಕೆಂಪಾದ. ಸೆನೆಗಲ್ಲಿನ ಹುಡುಗಿಯೊಬ್ಬಳು, ತೀರ್ಮಾನ ಮಾಡುವ ಹಕ್ಕು ಊರಿನವರಿಗೇ ಇರಬೇಕು ಎಂದಳು. ನಾನು ಗಟ್ಟಿಯಾಗಿ ಚಪ್ಪಾಳೆ ಹೊಡೆದೆ.

ಆಮೇಲೆ ನಾಜ್ಮುನ್ ಎದ್ದಳು. ನಾನು ನೆಟ್ಟಗೆ ಕೂತೆ. ಮೂರು ರಾತ್ರಿ ನನ್ನ ಮನೆಯಲ್ಲಿ ಉಂಡವಳು.

"ನಮಗೆ ಪ್ರತಿ ಚುನಾವಣೆಗೂ ಹೇಳೋರು, ಉಳಿಸ್ತೀವಿ, ಉಳಿಸ್ತೀವಿ ಅಂತ. ಅದನ್ನ ನಂಬಿ ನನ್ನಪ್ಪ ಇಟ್ಟಿಗೆ ಮನೆ ಕಟ್ಟಿದ. ತಗಡಾಗಿದ್ರೆ ಬಿಚ್ಚಿಕೊಂಡು ಹೋಗಬಹುದಿತ್ತು. ನಮ್ಮನ್ನ ಮುಳುಗಿಸಿದ್ದು ನದಿ ಅಲ್ಲ, ಆ ಮಾತು. ಉಳಿಸೋಕಾಗಲ್ಲ ಅಂದ್ರೆ ಆಗಲ್ಲ ಅನ್ನಿ. ಮುಂಚೇನೇ ಅನ್ನಿ."

ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಪುರಸಭೆಯ ಗಡ್ಡದ ಯುವಕನೊಬ್ಬ ಅಲ್ಲೇ ಕೂತು ಬರೆದುಕೊಳ್ಳುತ್ತಿದ್ದ. ಅವನ ಕೈ ಅಲ್ಲಿಗೆ ನಿಂತಿತು.

ಮನೆಗೆ ನಾನು ಒಬ್ಬನೇ ನಡೆದು ಬಂದೆ.

ಅಕ್ಟೋಬರ್ 10

ಅವಳು ಬರುವ ಮುಂಚೆಯೇ ಮೀನು ಬೇಯಿಸಿ ಮುಚ್ಚಿಟ್ಟು ಮಲಗಿದೆ.

ಅಕ್ಟೋಬರ್ 11, ಶನಿವಾರ

ಇವತ್ತು ಸತ್ತೆ. ಊರೆಲ್ಲ ನಂಬಿತು.

ಬೆಳಿಗ್ಗೆ ಬಾಗಿಲು ಬಡಿಯುವ ಶಬ್ದಕ್ಕೆ ಎಚ್ಚರವಾಯಿತು. ನಿನ್ನೆ ನಿದ್ದೆ ಬಂದದ್ದೇ ತಡವಾಗಿ, ಬೆಳಗಾದದ್ದೂ ಗೊತ್ತಾಗಿರಲಿಲ್ಲ. ಒಳಚಡ್ಡಿಯಲ್ಲೇ ಇಳಿದು ಬಂದು ಬಾಗಿಲು ತೆಗೆದರೆ ಬೋದಿಲ್, ಕೈಯಲ್ಲಿ ಬಿಳಿ ಹೂ, ಕಣ್ಣು ಊದಿದೆ. ಅವಳ ಹಿಂದೆ ಟೋಪಿ ಕೈಯಲ್ಲಿ ಹಿಡಿದ ಪೋವ್ಲ್. ಬೋದಿಲ್ ನನ್ನನ್ನು ನೋಡಿ ಹೂವನ್ನು ನನ್ನ ಮೇಲೆಯೇ ಎಸೆದಳು.

"ಅಯ್ಯೋ ಹಾಳಾದವನೇ, ಬದುಕಿದೀಯಲ್ಲೋ!"

ತೋಟ ನೋಡಿದೆ. ಕಂಬದ ಅರ್ಧದಲ್ಲಿ ನನ್ನ ಬಾವುಟ. ಅದರ ಕೆಳಗೆ ನಾಜ್ಮುನ್, ಹಗ್ಗ ಹಿಡಿದು ಜಗ್ಗುತ್ತಿದ್ದಾಳೆ. ಎಲ್ನಾಳ ಹುಟ್ಟುಹಬ್ಬವೆಂದು, ಮೊನ್ನೆಯ ಮಾತಿಗೆ ಪರಿಹಾರವೆಂದು, ನಾನು ಏಳುವ ಮುಂಚೆ ಏರಿಸಲು ಹೋಗಿದ್ದಾಳೆ. ಹಿಂದೊಮ್ಮೆ ಹಗ್ಗ ತುಂಡಾದಾಗ ನಾನು ಹಾಕಿದ ಗಂಟು ಕಂಬದ ತುದಿಯ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬಿಟ್ಟು ಥಟ್ಟನೆ ಎಳೆಯಬೇಕು, ಅದು ನನಗೊಬ್ಬನಿಗೆ ಗೊತ್ತು. ಅರ್ಧಕ್ಕಾದರೂ ಏರಿತಲ್ಲ ಎಂದು ಬಿಟ್ಟಿದ್ದಾಳೆ, ಒಳಗೆ ಹೋಗಿ ಚಹಾ ಕುಡಿದು ಮತ್ತೆ ಬಂದಿದ್ದಾಳೆ. ಅಷ್ಟರಲ್ಲಿ ಬೀದಿಯುದ್ದಕ್ಕೂ ಒಂದೊಂದೇ ಬಾವುಟ ಅರ್ಧಕ್ಕೆ ಏರಿದೆ. ಪೋವ್ಲ್‌ನದು, ಬೋದಿಲ್‌ಳದು, ಬೇಕರಿಯವರದು. ವಿಚಾರಿಸಲು ಯಾರೂ ಬರಲಿಲ್ಲ. ನಮ್ಮೂರಲ್ಲಿ ಕೇಳುವುದಿಲ್ಲ, ಬಾವುಟ ನೋಡಿಕೊಳ್ಳುತ್ತೇವೆ.

ನಗಬೇಕಾದದ್ದೇ. ಪೋವ್ಲ್ ನಕ್ಕ, ನಾನೂ ನಕ್ಕೆ. ನೋಡು, ನನ್ನ ಸಾವಿಗೆ ಬೇಕರಿಯವನೂ ಬಾವುಟ ಏರಿಸಿದನಲ್ಲ ಎಂದೆ. ಬೋದಿಲ್ ಮಾತ್ರ ನಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತಲೇ ಹೇಳಿಬಿಟ್ಟಳು:

"ಒಂದೇ ಒಂದು ಜಾಗ, ಎಲ್ನಾ ಪಕ್ಕ ಅವನನ್ನ ಮಲಗಿಸೋಕೆ ಬಿಡಿ ಅಂತ ಬೆಳಿಗ್ಗೆನೇ ಪುರಸಭೆಯೋರಿಗೆ ಫೋನ್ ಮಾಡಿ ಅಂಗಲಾಚಿದೆ ಕಣೋ. ಆಗಲ್ಲ ಅಂದ್ರು. ಬೇಸಿಗೇಲೇ ಮುಚ್ಚಾಗಿದೆ, ಇನ್ನು ಅಲ್ಲಿ ಯಾರನ್ನೂ ಹೂಳೋ ಹಾಗಿಲ್ಲ ಅಂದ್ರು."

ಬೇಸಿಗೆಯಲ್ಲೇ?

ಪೋವ್ಲ್ ಟೋಪಿ ಹಾಕಿಕೊಂಡು ಮೆಲ್ಲಗೆ ಹೊರಟುಹೋದ. ಬೋದಿಲ್ ಉಳಿದದ್ದನ್ನೂ ಹೇಳಿದಳು. ಮರಳು ನಿಲ್ಲಿಸುವ ತೀರ್ಮಾನ ಜೂನ್‌ನಲ್ಲೇ ಆಗಿದೆ. ಹಡಗು ತಡವಾಗಿಲ್ಲ, ಬರುವುದೇ ಇಲ್ಲ. ಚರ್ಚ್ ಸಮಿತಿಗೆ ತಿಳಿಸಿದ್ದರು, ಆದರೆ ಯುವ ಸಂವಾದ ಮುಗಿಯುವವರೆಗೆ ಬಾಯಿ ಬಿಡಬೇಡಿ ಎಂದಿದ್ದರು. ಹೊರದೇಶದ ಮಕ್ಕಳು ತಾವಾಗಿಯೇ ಅದೇ ಮಾತು ಹೇಳಿದರೆ ಜನ ಶಾಂತವಾಗಿ ಒಪ್ಪುತ್ತಾರೆ ಎಂಬುದು ಲೆಕ್ಕಾಚಾರ. ನನ್ನದೂ ಒಂದು ಲೆಕ್ಕಾಚಾರವಿತ್ತು. ಅವರದು ನನ್ನದಕ್ಕಿಂತ ಚೆನ್ನಾಗಿದೆ.

ಹುಡುಗಿಗೆ ನಮ್ಮ ಭಾಷೆ ಗೊತ್ತಿಲ್ಲ, ಮುಖಗಳು ಗೊತ್ತಾದವು. ಏನಾಯ್ತು ದಾದು ಎಂದಳು. ಎಲ್ಲ ಹೇಳಿದೆ. ಅರ್ಧ ಬಾವುಟದ ಅರ್ಥವನ್ನೂ ಹೇಳಿದೆ. ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಳು.

ಸಿಕ್ಕಿದ್ದ ಗಂಟನ್ನು ಗಾಲಿಯಿಂದ ಬಿಡಿಸಿ ಬಾವುಟವನ್ನು ತುದಿಗೆ ಏರಿಸಿದೆ. ಹುಟ್ಟುಹಬ್ಬ ತಾನೇ.

ಅಕ್ಟೋಬರ್ 13, ಸೋಮವಾರ

ನಾಜ್ಮುನ್ ಉಳಿದವರಿಗೆ ಎಲ್ಲ ಹೇಳಿದ್ದಾಳೆ. ಶಾಲೆಯಲ್ಲಿ ನಿನ್ನೆಯಿಡೀ ಜಗಳವಂತೆ. ಇದರಲ್ಲಿ ಪಾಲು ಬೇಡ, ಮನೆಗೆ ಹೋಗಿಬಿಡೋಣ ಅಂದವರಿದ್ದರು. ಇವತ್ತು ಮಧ್ಯಾಹ್ನ ಅವಳು, ಯೊರಿಟ್ ಮತ್ತು ಸೆನೆಗಲ್ಲಿನ ಹುಡುಗಿ ನನ್ನ ಅಡುಗೆಮನೆಗೆ ಬಂದರು. ಪೋವ್ಲ್ ಒಂದು ಬುಟ್ಟಿ ಮೀನು ಬಾಗಿಲಲ್ಲಿಟ್ಟು ಹೋಗಿದ್ದ. ಮೆಣಸಿನ ಪುಡಿ ಹಚ್ಚಿ ಹುರಿದೆ, ಹಾಗೆ ಕೆಟ್ಟದಾಗೇನೂ ಇರುವುದಿಲ್ಲ.

ಅವರು ಬರೆದ ಶಿಫಾರಸು ಹನ್ನೆರಡು ಪುಟ. ಸಮುದಾಯದ ಸಹಭಾಗಿತ್ವ, ಹಂತಹಂತದ ಸ್ಥಿತ್ಯಂತರ, ಇಂಥವು. ಯೊರಿಟ್ ಓದಿ ಹೇಳುತ್ತಿದ್ದರೆ ನನಗೆ ಕಾಲೇಜಿನ ನಮ್ಮ ಮೇಷ್ಟ್ರು ನೆನಪಾದರು. ಕೆಟ್ಟ ಸುದ್ದಿಯನ್ನು ಮೂರು ಸಾಲು ಸಕ್ಕರೆಯಲ್ಲಿ ಸುತ್ತಬೇಕು ಅನ್ನುತ್ತಿದ್ದರು. ಹರಾಜು ಕಟ್ಟೆಗೆ ಸೇರಿದ ಮೊದಲ ವಾರ ನಾನು ಹಾಗೆಯೇ ಒಂದು ಪತ್ರ ಬರೆದೆ. ಅಧಿಕಾರಿ ಅದನ್ನು ಹರಿದು ಹಾಕಿದ. ಮೀನು ಕೆಟ್ಟಿದ್ದರೆ ಕೆಟ್ಟಿದೆ ಅನ್ನು, ನೀನು ಸಕ್ಕರೆ ಹುಡುಕುವಷ್ಟರಲ್ಲಿ ಕೊಂಡವನು ಅದನ್ನು ತಿಂದಿರುತ್ತಾನೆ ಎಂದ. ಇದನ್ನು ಮಕ್ಕಳಿಗೆ ಹೇಳಿದೆ, ಸ್ವಲ್ಪ ಉದ್ದಕ್ಕೇ ಹೇಳಿದೆ ಅನ್ನಿಸುತ್ತದೆ. ಸೆನೆಗಲ್ಲಿನ ಹುಡುಗಿ ಆಕಳಿಸಿದಳು.

ನಾಜ್ಮುನ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು. "ಹಾಗಾದ್ರೆ ನೀವೇ ಹೇಳಿ ದಾದು. ಜೂನ್‌ನಲ್ಲಿ ನಿಮಗೆ ಏನಂತ ಹೇಳಬೇಕಿತ್ತು?"

ಯೋಚಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದೊಂದೇ ವಾಕ್ಯ ಹೇಳಿದೆ, ಯೊರಿಟ್ ಬರೆದುಕೊಂಡ. ನಾನು ಗೊತ್ತಿಲ್ಲದೆ ಎಲ್ಲೋ ಒಂದು ಕಡೆ 'ತಮ್ಮ ಆದರಣೀಯ' ಅಂದಿದ್ದೆ, ಅದನ್ನು ನಾಜ್ಮುನ್ ಹೊಡೆದು ಹಾಕಿದಳು. ಹನ್ನೆರಡು ಪುಟ ಹೋಗಿ ಅರ್ಧ ಪುಟ ಉಳಿಯಿತು.

ಸಂಜೆ ಬೇಲಿಯ ಮೇಲಿಂದ ಬೋದಿಲ್, ನೀನೂ ಅವರ ಕಡೆ ಸೇರಿದೆಯಾ ಎಂದು ಕೇಳಿದಳು. ಹಾಗೇನಿಲ್ಲ ಅಂದೆ. ವಾಕ್ಯ ಸರಿಮಾಡಿಕೊಟ್ಟೆ, ಅಷ್ಟೆ.

ಅಕ್ಟೋಬರ್ 14, ಮಂಗಳವಾರ

ಸಭೆ ಮುಗಿಯಿತು. ಬರೆದುಬಿಡುತ್ತೇನೆ, ನಾಳೆಗೆ ಮರೆತೀತು.

ಗಡ್ಡದ ಯುವಕ ಪುರಸಭೆಯ ಪರವಾಗಿ ಬಂದಿದ್ದ. ವೇದಿಕೆಯಲ್ಲಿ ಹೂವು, ಆರು ದೇಶಗಳ ಪುಟ್ಟ ಬಾವುಟಗಳು. ನಾಜ್ಮುನ್ ಅರ್ಧ ಪುಟವನ್ನು ಅವನ ಕೈಗೆ ಕೊಟ್ಟಳು. ಅವನು ಮನಸ್ಸಿನಲ್ಲೇ ಓದಿಕೊಂಡ. ಮಡಚಿದ. ಇದನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ, ಯುವಜನರ ಧ್ವನಿ ನಮಗೆ ಮುಖ್ಯ ಎಂದ.

ಅವಳು ಕೆಳಗಿಳಿಯಲಿಲ್ಲ. "ಪರಿಶೀಲನೆ ಬೇಡ. ಓದಿ, ಸಾಕು. ನಮ್ಮ ಶಿಫಾರಸು ಇಷ್ಟೇ, ಇದನ್ನ ನೀವೇ ಊರವರೆದುರು ನಿಂತು ಓದಬೇಕು."

ಆತ ಊರವರನ್ನು ನೋಡಿದ. ನಾವು ಅವನನ್ನು ನೋಡಿದೆವು. ನಾನು ಎದ್ದೆ. ಏಳಬೇಕು ಅಂತ ಹೋಗಿರಲಿಲ್ಲ.

"ಜೋರಾಗಿ ಓದಪ್ಪ," ಅಂದೆ. "ಹಿಂದಿನ ಬೆಂಚಿನೋರಿಗೂ ಕೇಳಿಸಲಿ. ನಮ್ಮ ಭಾಷೆಯಲ್ಲಿ."

ಓದಿದ. ಪಾಪ, ಅವನಿಗಿನ್ನೂ ಮೂವತ್ತು ಆಗಿರಲಿಕ್ಕಿಲ್ಲ.

"ನಿಮ್ಮ ಊರನ್ನು ನಾವು ಉಳಿಸುವುದಿಲ್ಲ. ಮರಳು ಇನ್ನು ಬರುವುದಿಲ್ಲ. ಇದನ್ನು ಜೂನ್‌ನಲ್ಲೇ ನಿರ್ಧರಿಸಿದೆವು, ನಿಮಗೆ ಹೇಳಲಿಲ್ಲ. ನಿಮ್ಮನ್ನು ಕೇಳಿದ ಹಾಗೆ ನಟಿಸಲು ಈ ಮಕ್ಕಳನ್ನು ಕರೆಸಿದೆವು. ಸ್ಮಶಾನದ ಸಮುದ್ರದ ಕಡೆಯ ಸಾಲು ಮೊದಲು ಹೋಗುತ್ತದೆ, ಬಹುಶಃ ಈ ಚಳಿಗಾಲದಲ್ಲೇ. ನಿಮ್ಮವರನ್ನು ಎಲ್ಲಿಗೆ ಒಯ್ಯಬೇಕು, ಒಯ್ಯಬೇಕೋ ಬೇಡವೋ, ನೀವೇ ಹೇಳಿ. ಹೇಳಿದ ಹಾಗೆ ಮಾಡುತ್ತೇವೆ."

ಮೂರನೆಯ ವಾಕ್ಯಕ್ಕೆ ಅವನ ಸ್ವರ ಬಿದ್ದುಹೋಗಿತ್ತು, ಆದರೂ ಕೊನೆಯವರೆಗೆ ಓದಿದ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಹಿಂದಿನಿಂದ ಪೋವ್ಲ್ "ಹೂಂ, ಹಾಗಾದ್ರೆ" ಅಂದ. ಅಷ್ಟೇ. ಹೊರಗೆ ಗಾಳಿ ಕಿಟಕಿಯ ಗಾಜು ಅಲುಗಿಸುತ್ತಿತ್ತು. ಬೋದಿಲ್ ಎದ್ದು ಕಾಫಿ ಬಗ್ಗಿಸಲು ಶುರು ಮಾಡಿದಳು.

ವಾಕ್ಯಗಳು ನನ್ನವೇ. ಆದರೂ ಅವು ಬೇರೆಯವನ ಬಾಯಿಂದ ಬಂದಾಗ ಮೊದಲ ಸಲ ಕೇಳಿದ ಹಾಗಾಯಿತು.

ಅಕ್ಟೋಬರ್ 15

ನಾಜ್ಮುನ್ ಹೋದಳು. ಬಸ್ಸಿನ ಬಾಗಿಲಲ್ಲಿ ನಿಂತು, ದಾದು, ಎಲ್ನಾ ಅವರನ್ನ ಟೋರ್ಸ್‌ಕೋವ್‌ಗೆ ಒಯ್ತೀರಾ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಎಲ್ನಾಳ ದಪ್ಪ ಸ್ವೆಟರು ಹಾಕಿಕೊಂಡಿದ್ದಳು. ಯಾವಾಗ ಕೊಟ್ಟೆನೋ ನೆನಪಿಲ್ಲ.

ಮೆಣಸಿನ ಪುಡಿ ಮರೆತು ಹೋಗಿದ್ದಾಳೆ. ಅಥವಾ ಬಿಟ್ಟು ಹೋಗಿದ್ದಾಳೆ.

ನವೆಂಬರ್ 5, ಬುಧವಾರ

ಪೋವ್ಲ್ ತನ್ನ ತಂದೆ ತಾಯಿಯ ಮಡಿಕೆಗಳನ್ನು ಟೋರ್ಸ್‌ಕೋವ್‌ಗೆ ಒಯ್ದ. ಸಮುದ್ರದ ಸಾಲಿನಲ್ಲಿ ತಮ್ಮವರಿದ್ದ ಉಳಿದವರೆಲ್ಲ ಒಯ್ದರು. ಗಡ್ಡದ ಯುವಕ ಮನೆಗೇ ಬಂದಿದ್ದ. ಕಾಫಿ ಕೊಟ್ಟೆ. ಎಲ್ನಾಳನ್ನು ಯಾವಾಗ ತೆಗೆಯಲಿ ಎಂದು ಕೇಳಿದ, ಸರಕು ಒಯ್ಯುವವರ ಹಾಗಲ್ಲ, ಮರ್ಯಾದೆಯಿಂದ. ಅಲ್ಲಿ ಅವಳ ಪಕ್ಕ ನಿಮಗೂ ಜಾಗ ಕೊಡುತ್ತೇವೆ ಎಂದ.

ಅವಳ ಪಕ್ಕ. ಅವನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದೆ.

ತೆಗೆಯಬೇಡಿ ಅಂದೆ. ಹಂದಿಗಳ ಮಧ್ಯೆ ಬೇಡ ಅಂದಿದ್ದಳು. ಹಾಗಾದರೆ ನೀವು ಎಂದು ಕೇಳಿದ. ನನಗೆ ಹಂದಿಗಳ ಮೇಲೆ ಅಷ್ಟು ಸಿಟ್ಟಿಲ್ಲ ಅಂದೆ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ನವೆಂಬರ್ 23, ಭಾನುವಾರ

ನಿನ್ನೆಯಿಂದ ಬೀಸುತ್ತಿದ್ದ ಬಿರುಗಾಳಿ ಬೆಳಿಗ್ಗೆ ಇಳಿಯಿತು. ಬೆಳಕಾಗುತ್ತಲೇ ಹೋಗಿ ನೋಡಿದೆ. ಬೇಲಿ ಇಲ್ಲ. ಮೊದಲ ಸಾಲು ಇಲ್ಲ. ಹಸಿ ಮರಳಿನ ಗೋಡೆ ನೆಟ್ಟಗೆ ಕೆಳಕ್ಕೆ ಇಳಿದಿತ್ತು. ಅದರ ಬುಡದಲ್ಲಿ ಕಂದು ಬಣ್ಣದ ನೀರು ಮಗುಚುತ್ತಿತ್ತು. ಕಲ್ಲು ಎಲ್ಲಿ ಬಿದ್ದಿದೆಯೋ ಕಾಣಲಿಲ್ಲ. ನನ್ನ ಹೆಸರೂ ಅದರ ಜೊತೆಗೇ ಹೋಗಿದೆ.

ಮನೆಗೆ ಬಂದು ಬಾವುಟವನ್ನು ಅರ್ಧಕ್ಕೆ ಏರಿಸಿದೆ. ಬೇಡವಾದಾಗ ಸಿಕ್ಕಿಕೊಳ್ಳುವ ಗಂಟು ಬೇಕಾದಾಗ ಸಿಕ್ಕಿಕೊಳ್ಳಲಿಲ್ಲ, ಕೈಯಲ್ಲೇ ಕಟ್ಟಿ ನಿಲ್ಲಿಸಿದೆ. ಬೋದಿಲ್ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳದು ಏರಿತು. ಪೋವ್ಲ್‌ನದು. ಬೇಕರಿಯವರದು. ಈ ಸಲವೂ ಯಾರೂ ಕೇಳಲು ಬರಲಿಲ್ಲ.

ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಮಣ್ಣು ಮಾಡಿ ಬಂದಮೇಲೆ ತುದಿಗೆ ಏರಿಸಬೇಕು. ಮಣ್ಣೇ ಇಲ್ಲದಿದ್ದರೆ ಯಾವಾಗ? ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಮಧ್ಯಾಹ್ನದವರೆಗೆ ನೋಡುತ್ತಿದ್ದೆ. ಬೀದಿಯುದ್ದಕ್ಕೂ ಬಾವುಟಗಳು ಅರ್ಧದಲ್ಲೇ ಬಡಿದುಕೊಳ್ಳುತ್ತಿದ್ದವು. ನಾನು ಕೈ ಹಾಕುವವರೆಗೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ.

ಊಟವಾದ ಮೇಲೆ ಹೊರಗೆ ಹೋಗಿ ಹಗ್ಗ ಬಿಚ್ಚಿದೆ. ಗಂಟು ಗಾಲಿಗೆ ಸಿಕ್ಕಿತು. ಹಿಂದಕ್ಕೆ ಬಿಟ್ಟು ಥಟ್ಟನೆ ಎಳೆದೆ, ತುದಿಗೆ ಹೋಯಿತು. ತಿರುಗಿ ನೋಡಲಿಲ್ಲ. ಒಂದಾದ ಮೇಲೊಂದು ಹಗ್ಗ ಕಂಬಕ್ಕೆ ಬಡಿಯುವ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಗಾಳಿ ನಿಂತರೂ ಸಮುದ್ರದ ಗದ್ದಲ ನಿಂತಿಲ್ಲ. ಎಲ್ನಾ ಬೆಳಗಿನಿಂದ ಬೈಯುತ್ತಲೇ ಇದ್ದಾಳೆ, ಈ ಬೈಗುಳ ಸಂಜೆಗೂ ಮುಗಿಯುವ ಹಾಗೆ ಕಾಣುವುದಿಲ್ಲ. ಈಗೀಗ ಬೇಗ ಕತ್ತಲಾಗುತ್ತದೆ. ಬಾವುಟ ಇಳಿಸಬೇಕು, ಎದ್ದೆ.